ಇದ್ರಲ್ಲಿ ಎಂಥ ಉಂಟು ಮಹಾ?

ಭಾವ ದಾರ ಎಳೆದರು. ಗಾಳಿಪಟದ ದಾರ. ಟಿಫಿನ್ ಡಬ್ಬಿಯ ತಳದ ಅಂತಸ್ತಿನ ತೂತಿನಿಂದ ಇಲಿಯ ಬಾಲದ ಹಾಗೆ ಹೊರಗೆ ಇಣುಕಿತ್ತು. ಒಳಗೆ ನೀರಿನ ಚೀಲ ಪಿಸಕ್ಕನೆ ಒಡೆದ ಸದ್ದು. ಸ್ವಲ್ಪ ಹೊತ್ತು ಏನೂ ಇಲ್ಲ. ಅಕ್ಕ ಆಗಲೇ ಮೈಕ್ರೋವೇವ್ ಕಡೆ ನೋಡತೊಡಗಿದ್ದಳು. ಆಮೇಲೆ ಎಣ್ಣೆಗೆ ಸಾಸಿವೆ ಬಿದ್ದಂತೆ ಚಟಪಟ ಶುರುವಾಯಿತು. ಸಂದಿಯಿಂದ ಹಬೆ ಬಂತು, ಮುಚ್ಚಳ ಬೆವರಿತು. ಹತ್ತು ಹನ್ನೆರಡು ನಿಮಿಷ ಬಿಟ್ಟು ಮೇಲಿನ ಅಂತಸ್ತು ತೆರೆದರೆ, ಬೆಳಿಗ್ಗೆಯಿಂದ ತಣ್ಣಗೆ ಕೂತಿದ್ದ ಸಾಂಬಾರು ನಾಲಿಗೆ ಸುಡುವಷ್ಟು ಬಿಸಿ.

ಬೆಂಕಿಯಿಲ್ಲ, ಕರೆಂಟಿಲ್ಲ. ಮಾಹುಲ್ ಕಡೆಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬಾಯ್ಲರ್ ಕಾದ ಭಾವ, ನಿವೃತ್ತಿಯಾದ ಮೇಲಿನ ಎರಡು ಮಳೆಗಾಲವನ್ನು ಈ ಡಬ್ಬಿಗೇ ಕೊಟ್ಟಿದ್ದರು. ಚೆಂಬೂರಿನಂಥ ಊರಿನಲ್ಲಿ, ತಾರಸಿಯ ಟ್ಯಾಂಕಿನ ನೀರೇ ಏಪ್ರಿಲ್‌ನಲ್ಲಿ ಸ್ನಾನಕ್ಕೆ ತಯಾರಾಗಿ ಬರುವಲ್ಲಿ, ಶಾಖ ಕೂಡಿಡುವ ಯಂತ್ರ ಯಾರಿಗೆ ಬೇಕು ಎಂದು ನಾವು ಕೇಳಿದ್ದುಂಟು. ಅವರು ಲೆಕ್ಕಿಸಲಿಲ್ಲ. ಪೇಟೆಂಟಿಗೆ ಅರ್ಜಿ ಹಾಕುವ ಮೊದಲು ಮನೆಯವರಿಗೆ ತೋರಿಸೋಣ ಎಂದು ಭಾನುವಾರ ಎಲ್ಲರನ್ನೂ ಕೂರಿಸಿದ್ದರು. ತಪ್ಪಾದದ್ದು ಅಲ್ಲೇ.

ಮೊದಲು ಬಾಯಿ ಬಿಟ್ಟದ್ದು ಅಮ್ಮ. "ಇದ್ರಲ್ಲಿ ಎಂಥ ಉಂಟು ಮಹಾ? ಸುಟ್ಟ ಸುಣ್ಣಕ್ಕೆ ನೀರು ಬಿದ್ರೆ ಕುದೀತದೆ. ಊರಲ್ಲಿ ದೀಪಾವಳಿಗೆ ಮೊದಲು ಚಿಪ್ಪಿನ ಸುಣ್ಣ ಅರಳಿಸುವಾಗ ನಿನ್ನ ಮಾವ ಅದ್ರಲ್ಲಿ ಗೆಣಸು ಬೇಯಿಸ್ಲಿಕ್ಕೆ ಹೋಗಿ ಕೈ ಸುಟ್ಕೊಂಡಿದ್ದ."

ಮೂರನೇ ಮಾಳಿಗೆಯ ರಾಯರು, ಸಾಂಬಾರಿನ ವಾಸನೆಗೆ ಬಂದವರು, ಒಂದು ಹೆಜ್ಜೆ ಮುಂದೆ ಹೋದರು. "ನಮ್ಮ ವೇದದಲ್ಲೇ ಉಂಟಲ್ಲ ಇದು."

ಭಾವನ ಮಗ ಪೊವಾಯಿಯ ಒಂದು ಕಂಪನಿಯಲ್ಲಿ ಕೂತು ಊರ ಮೇಲಿನವರ ಪೇಟೆಂಟುಗಳಲ್ಲಿ ಹುಳುಕು ಹುಡುಕುವವನು. ಮಡಿಲ ಮೇಲಿನ ಲ್ಯಾಪ್‌ಟಾಪಿನಿಂದ ತಲೆಯೆತ್ತದೆ ತೀರ್ಪು ಕೊಟ್ಟ. "ಪಪ್ಪಾ, ಇದು ಆಬ್ವಿಯಸ್."

ಹೀಗೆ ಚೆಂಬೂರಿನ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ, ಫೀಸಿಲ್ಲದೆ, ಅರ್ಜಿಯಿಲ್ಲದೆ, ಒಂದು ಪೇಟೆಂಟಿನ ಪರೀಕ್ಷೆ ಐದು ನಿಮಿಷದಲ್ಲಿ ಮುಗಿಯಿತು. ಅಸಲು ಕಚೇರಿಯೇನೂ ದೂರವಿಲ್ಲ. ಆಂಟಾಪ್ ಹಿಲ್‌ನಲ್ಲಿ ಬೌದ್ಧಿಕ ಸಂಪದಾ ಭವನವಿದೆ. ನಮ್ಮಲ್ಲಿಂದ ಹೊರಡುವ ಮೊನೋರೈಲಿನ ಹಳಿ ಮೈಸೂರು ಕಾಲನಿಯನ್ನು ಹಾದು ಆ ಕಡೆಗೇ ಹೋಗುತ್ತದೆ. ಆದರೆ ಅಲ್ಲಿ ಕೆಲಸ ನಿಧಾನ. ಅರ್ಜಿ 18 ತಿಂಗಳು ಗುಟ್ಟಾಗಿರುತ್ತದೆ, ಪರೀಕ್ಷೆ ಮಾಡಿ ಎಂದು ಬೇರೆಯಾಗಿ ಕೇಳಿ ಬೇರೆ ಫೀಸು ಕಟ್ಟಬೇಕು, ಪರೀಕ್ಷಕರು ಓದಿ ಆಕ್ಷೇಪ ಬರೆಯಬೇಕು, ಅದಕ್ಕೆ ಉತ್ತರ ಕೊಡಲು ಆರು ತಿಂಗಳು. ಬೇರೆಯವರ ಬುದ್ಧಿಯನ್ನು ತಳ್ಳಿಹಾಕುವುದಕ್ಕೆ ಇಷ್ಟೆಲ್ಲ ಸಮಯ ಯಾಕೆ ಬೇಕೋ, ನಮ್ಮ ಮನೆಯವರಿಗೆ ಅರ್ಥವಾಗದು.

ಕಾಯಿದೆ ಏನು ಹೇಳುತ್ತದೆ ಎಂದು ಹುಡುಗ ವಿವರಿಸಿದ. 1970ರ ಪೇಟೆಂಟ್ ಕಾಯಿದೆಯ ಪ್ರಕಾರ ವಸ್ತು ಹೊಸದಾಗಿದ್ದರೆ ಸಾಲದು. ಅದರಲ್ಲಿ ತಾಂತ್ರಿಕ ಮುನ್ನಡೆ ಇರಬೇಕು, ಇಲ್ಲವೇ ದುಡ್ಡಿನ ಮಹತ್ವ ಇರಬೇಕು, ಇಲ್ಲವೇ ಎರಡೂ. ಅದರ ಮೇಲೆ, ಆ ಕಸುಬು ಬಲ್ಲವನೊಬ್ಬನಿಗೆ ಅದು "ಓ, ಇಷ್ಟೇನಾ" ಅನ್ನಿಸಬಾರದು.

ಈ ಕಸುಬು ಬಲ್ಲವನು ಯಾರು? ಅವನಿಗೆ ಹೆಸರಿಲ್ಲ, ಆಧಾರ್ ಕಾರ್ಡಿಲ್ಲ. ಅವನು ಹುಟ್ಟಿಯೇ ಇಲ್ಲ. ಆದರೆ ಜಗತ್ತಿನ ಎಲ್ಲ ಭಾಷೆಯ ಎಲ್ಲ ಪೇಟೆಂಟು, ಎಲ್ಲ ಪ್ರಬಂಧ, ಜಪಾನಿನ ಕಾರಿನವರು ಎಂಜಿನ್ನಿನ ಬಿಸಿಯನ್ನು ಕೂಡಿಡಲು ಬರೆದದ್ದೂ ಸೇರಿ, ಅವನಿಗೆ ಬಾಯಿಪಾಠ. ಇಷ್ಟು ಓದಿಯೂ ಸ್ವಂತದ ಒಂದು ಯೋಚನೆ ಅವನ ತಲೆಗೆ ಬರಕೂಡದು. ಕಲ್ಪನೆಯ ಹನಿಯೂ ಇಲ್ಲದ, ತರ್ಕ ಮತ್ತು ಕೈಚಳಕ ಮಾತ್ರ ಉಳ್ಳ ಮಹಾತ್ಮ ಎಂಬರ್ಥದಲ್ಲಿ ಕೆನಡಾದ ನ್ಯಾಯಾಧೀಶರೊಬ್ಬರು 1986ರಲ್ಲಿ ಅವನನ್ನು ಬಣ್ಣಿಸಿದರು. 2007ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಕಾರಿನ ಆಕ್ಸಿಲರೇಟರ್ ಪೆಡಲಿನ ಒಂದು ವ್ಯಾಜ್ಯದಲ್ಲಿ, ಪಾಪ ಅವನಿಗೂ ಸಾಧಾರಣ ಮಟ್ಟದ ಕಲ್ಪನೆ ಇರಲಿ ಬಿಡಿ ಎಂದು ಸ್ವಲ್ಪ ಬಡ್ತಿ ಕೊಟ್ಟಿತು. ಎಲ್ಲ ಓದಿ ಏನೂ ಹೊಳೆಯದವರನ್ನು ಹುಡುಕಲು ಕೋರ್ಟು ಕಲ್ಪನೆಯ ಮೊರೆ ಹೋದದ್ದು ಯಾಕೋ. ಯಾವುದೇ ವಿಚಾರ ಸಂಕಿರಣದ ಮೊದಲ ಸಾಲಿನಲ್ಲಿ ಸಿಗುತ್ತಿದ್ದರು.

ನಮ್ಮ ದೇಶದ ಸುಪ್ರೀಂ ಕೋರ್ಟೂ ಇದನ್ನು ಬಿಡಿಸಿ ಹೇಳಿದೆ. ಮಿರ್ಜಾಪುರದ ಪಾತ್ರೆ ತಯಾರಕರ ಜಗಳ. ಹಿತ್ತಾಳೆ ಪಾತ್ರೆಯನ್ನು ತಿರುಗಣೆಗೆ ಕಚ್ಚಿಸಿ ಹೊಳಪು ಕೊಡುವಾಗ ಅದು ಜಾರಿ ಹಾರದಂತೆ ಹಿಡಿಯುವ ಒಂದು ಉಪಾಯಕ್ಕೆ 1951ರ ತಾರೀಕಿನ ಪೇಟೆಂಟ್ ಸಿಕ್ಕಿತ್ತು. ಎದುರಾಳಿಗಳು, ಇದೆಂಥ ಶೋಧ, ಇದು ಎಲ್ಲರೂ ಮಾಡುವುದೇ ಎಂದರು. ಅಲಹಾಬಾದ್ ಹೈಕೋರ್ಟಿನ ಒಬ್ಬ ನ್ಯಾಯಮೂರ್ತಿಗೆ ಅದು ಹೌದು ಅನ್ನಿಸಿತು. ಅದೇ ಹೈಕೋರ್ಟಿನ ಮೇಲ್ಮನವಿ ಪೀಠಕ್ಕೆ ಅಲ್ಲ ಅನ್ನಿಸಿತು. ಸುಪ್ರೀಂ ಕೋರ್ಟಿಗೆ ಮತ್ತೆ ಹೌದು ಅನ್ನಿಸಿತು, 1978ರ ಡಿಸೆಂಬರಿನಲ್ಲಿ. ಆಗಿನ ಕಾಯಿದೆಯಲ್ಲಿ ಪೇಟೆಂಟಿನ ಆಯಸ್ಸೇ 16 ವರ್ಷ. ಯಾರ ಕಣ್ಣಿಗಾದರೂ ಥಟ್ಟನೆ ಹೊಳೆಯಬೇಕಾದದ್ದು ಈ ದೇಶದ ಅತ್ಯುತ್ತಮ ಕಾನೂನು ತಲೆಗಳಿಗೆ ಹೊಳೆಯಲು 27 ವರ್ಷ ಹಿಡಿಯಿತು.

ಆದ ಮೇಲೆ ಎಲ್ಲರಿಗೂ ಕಾಣುತ್ತದೆ, ಕಷ್ಟ ಅದೇ. 2025ರ ಆಗಸ್ಟ್ 19ರಂದು ಸುರಿದ ಮಳೆಯಲ್ಲಿ ಲೋಕಲ್ ನಿಂತು, ಜನವೆಲ್ಲ ಮೊನೋರೈಲಿಗೆ ನುಗ್ಗಿ, 104 ಟನ್ ಹೊರಬೇಕಾದ ಗಾಡಿ 109 ಟನ್ ಹೊತ್ತು ಮೈಸೂರು ಕಾಲನಿಯ ಹತ್ತಿರ ಆಕಾಶದಲ್ಲೇ ನಿಂತುಬಿಟ್ಟಿತು. ಅಗ್ನಿಶಾಮಕ ದಳದವರು ಏಣಿಯೇರಿ ಜನರನ್ನು ಇಳಿಸಿದರು. ಭಾರ ಹೆಚ್ಚಾದರೆ ಗಾಡಿ ನಿಲ್ಲುತ್ತದೆ ಎಂಬುದು ಮರುದಿನ ಬೆಳಿಗ್ಗೆ ನಮ್ಮ ಹಾಲಿನವನಿಗೂ ಗೊತ್ತಿತ್ತು. ಹಿಂದಿನ ಸಂಜೆ ಬಾಗಿಲು ಮುಚ್ಚಿಕೊಂಡಾಗ ಗೊತ್ತಿದ್ದವರು ಯಾರೂ ಇಳಿಯಲಿಲ್ಲ.

ಡಬ್ಬಿಗೆ ಬರೋಣ. ಸುಟ್ಟ ಸುಣ್ಣ ನೀರು ಕುಡಿದು ಅರಳಿದ ಸುಣ್ಣವಾಗುವಾಗ ಶಾಖ ಬಿಡುತ್ತದೆ, ಇದು ಹೈಸ್ಕೂಲಿನ ಪಾಠ. ಒಂದು ಕಿಲೋ ಸುಣ್ಣದಲ್ಲಿ ಲೆಕ್ಕಕ್ಕೆ ಸುಮಾರು ಮೂರು ಲೀಟರ್ ನೀರು ಕುದಿಸುವಷ್ಟು ಬಿಸಿ ಅಡಗಿದೆ. ಅರಳಿದ ಸುಣ್ಣವನ್ನು ಮತ್ತೆ 500 ಡಿಗ್ರಿಗೆ ಕಾಯಿಸಿದರೆ ಕುಡಿದ ನೀರು ಬಿಟ್ಟು ಮೊದಲಿನ ಹಾಗಾಗುತ್ತದೆ. ಅಂದರೆ ಕಾರ್ಖಾನೆಯ ಚಿಮಣಿಯಲ್ಲಿ ಹಾಳಾಗುವ ಬಿಸಿಯನ್ನು ಸುಣ್ಣಕ್ಕೆ ತುಂಬಿ, ಡಬ್ಬಿಯಲ್ಲಿ ಮುಚ್ಚಿಟ್ಟು, ಆರು ತಿಂಗಳ ನಂತರ ಬೇಕಾದಾಗ ಒಂದು ಲೋಟ ನೀರು ಹುಯ್ದು ಎಬ್ಬಿಸಬಹುದು. ಥರ್ಮಾಸಿನಲ್ಲಿ ಬಿಸಿ ಸೋರುತ್ತದೆ, ಸುಣ್ಣದಲ್ಲಿ ಮಲಗಿರುತ್ತದೆ.

ಹೇಳಲು ಸುಲಭ. ಸುಣ್ಣ ಅರಳುವಾಗ ಉಬ್ಬುತ್ತದೆ. ಭಾವನ ಮೊದಲ ಡಬ್ಬಿಯ ಹೊಟ್ಟೆ ಬಿರಿದು ಅಡಿಗೆಮನೆಯ ಟೈಲ್ಸಿಗೆ ಸುಣ್ಣ ಬಳಿಯಿತು. ಎರಡನೆಯದರಲ್ಲಿ ನೀರು ಮೇಲಿನ ಪದರಕ್ಕಷ್ಟೇ ತಾಗಿ ಅದು ಗಾರೆಯಂತೆ ಗಟ್ಟಿಯಾಯಿತು, ಕೆಳಗಿನದು ಒಣಗಿಯೇ ಉಳಿಯಿತು. ಮೂರನೆಯದರ ಸುಣ್ಣ ನಾಲ್ಕು ಸಲ ಕಾಯಿಸಿ ಅರಳಿಸುವಷ್ಟರಲ್ಲಿ ಹಿಟ್ಟಾಯಿತು. ಆಮೇಲೆ ಒಂದು ದಿನ ಚೆಂಬೂರು ಸ್ಟೇಷನ್ ಎದುರಿನ ಪಾತ್ರೆ ಅಂಗಡಿಯಿಂದ ಅವರು ಒಂದು ಡಜನ್ ಚಹಾ ಸೋಸುವ ಜಾಲರಿ ತಂದರು. ಹಿಡಿ ಮುರಿದು, ಒಂದರ ಮೇಲೊಂದು ಪೇರಿಸಿ, ನಡುನಡುವೆ ಬೆರಳು ದಪ್ಪ ಸಂದಿ ಬಿಟ್ಟು, ಪ್ರತಿ ಜಾಲರಿಯಲ್ಲೂ ಕಡಲೆ ಗಾತ್ರದ ಸುಣ್ಣದ ಹರಳು ಹರಡಿದರು. ನೀರು ಎಲ್ಲ ಪದರಕ್ಕೂ ಇಳಿಯಿತು, ಉಬ್ಬುವ ಸುಣ್ಣಕ್ಕೆ ಸಂದಿಯಲ್ಲಿ ಜಾಗ ಸಿಕ್ಕಿತು. ಅದು ಒಂಬತ್ತನೆಯ ಡಬ್ಬಿ. ನಾವು ಭಾನುವಾರ ನೋಡಿದ್ದು ಅದನ್ನೇ. ಹಿಂದಿನ ಎಂಟು ಡಬ್ಬಿಗಳು ಬಾಲ್ಕನಿಯಲ್ಲಿ ತುಳಸಿಗೆ, ಕರಿಬೇವಿಗೆ ಕುಂಡವಾಗಿವೆ.

ಮಗನಿಗೆ ಇದು ಯಾವುದೂ ಲೆಕ್ಕಕ್ಕಿಲ್ಲ. "ಸುಣ್ಣ, ನೀರು, ಬಿಸಿ: ದಾಖಲೆ ಒಂದು. 2001ರಲ್ಲಿ ನೆಸ್ಲೆಯವರು ಬ್ರಿಟನ್ನಿನಲ್ಲಿ ತಾನೇ ಬಿಸಿಯಾಗುವ ಕಾಫಿ ಡಬ್ಬಿ ಬಿಟ್ಟು ನೋಡಿದ್ದಾರೆ, ಚಳಿಗೆ ಸಾಲದೆ ವಾಪಸು ತಗೊಂಡ್ರು: ದಾಖಲೆ ಎರಡು. ಜಾಲರಿಯಲ್ಲಿ ಪದರ ಮಾಡುವುದು: ದಾಖಲೆ ಮೂರು. ಒಂದು, ಎರಡು, ಮೂರು ಸೇರಿಸಿದ್ರೆ ನಿಮ್ಮ ಡಬ್ಬಿ."

"ಸೇರಿಸಿದ್ದು ಯಾರು?" ಎಂದರು ಭಾವ.

"ಯಾರು ಬೇಕಾದ್ರೂ ಸೇರಿಸಬಹುದಿತ್ತು."

"ಅದು ಹೌದು. ಸೇರಿಸಿದ್ದು ಯಾರು?"

ಮಗ ಈ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಅವನ ಕಂಪನಿ ಅವನಿಗೆ ಸಂಬಳ ಕೊಡುವುದು ಈ ಪ್ರಶ್ನೆಗೆ ಉತ್ತರ ಕೊಡದೆ ಇರುವುದಕ್ಕೆ.

ರಾಯರ ವೇದಕ್ಕೆ ಮಾತ್ರ ಅವನು ತಿರುಗಿ ಕೇಳಿದ. "ಅಂಕಲ್, ಯಾವ ವೇದ? ಎಷ್ಟನೇ ಸೂಕ್ತ?" ರಾಯರು, ಎಲ್ಲ ಉಂಟಪ್ಪ, ಹುಡುಕಬೇಕು ಎಂದರು. ಹುಡುಕಬೇಕಾದವರು ಯಾವಾಗಲೂ ಬೇರೆಯವರು. ಪರೀಕ್ಷಕರು ಕೇಳುವುದು ಪುಟದ ನಂಬರು ಮತ್ತು ತಾರೀಕು. ನಮ್ಮ ಹೆಮ್ಮೆಯ ಹತ್ತಿರ ಎರಡೂ ಇರುವುದಿಲ್ಲ. 1995ರಲ್ಲಿ ಗಾಯಕ್ಕೆ ಅರಿಸಿನ ಹಚ್ಚುವುದನ್ನು ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರ ಪೇಟೆಂಟ್ ಮಾಡಿಕೊಂಡಾಗ ದೇಶವಿಡೀ ಬೊಬ್ಬೆ ಹಾಕಿತು. ಬೊಬ್ಬೆಯಿಂದ ಏನೂ ಆಗಲಿಲ್ಲ. ಸಿಎಸ್‌ಐಆರ್‌ನವರು ಹಳೆಯ ಗ್ರಂಥ ತೆಗೆದು, ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯ 1953ರ ಲೇಖನ ತೆಗೆದು ಮುಂದಿಟ್ಟ ಮೇಲೆ 1997ರಲ್ಲಿ ಅದು ಬಿದ್ದುಹೋಯಿತು. ಕೋಟ್ಯಂತರ ಅಜ್ಜಿಯರ ಕೈಯ ಅರಿಸಿನಕ್ಕೆ ಅಮೆರಿಕದಲ್ಲಿ ಬೆಲೆ ಬಂದದ್ದು ಅದು ಅಚ್ಚಾದ ಕಾಗದದಲ್ಲಿ ಕಂಡಾಗ. ನಮ್ಮ ಕಾಯಿದೆ ಇದರಲ್ಲಿ ಉದಾರಿ. ಊರ ಜನರ ಬಾಯಲ್ಲಿ ಇರುವ ತಿಳಿವಳಿಕೆಯನ್ನೂ ಆಕ್ಷೇಪಕ್ಕೆ ಆಧಾರವಾಗಿ ಒಪ್ಪುತ್ತದೆ. ಅಂದರೆ ಮಾವ ಗೆಣಸು ಬೇಯಿಸಲು ಹೋಗಿ ಕೈ ಸುಟ್ಟುಕೊಂಡದ್ದು ಕಾನೂನಿನಲ್ಲಿ ಸಾಕ್ಷ್ಯ. ಅಮ್ಮನಿಗೆ ಇದನ್ನು ಹೇಳಬಾರದಿತ್ತು. ಅಂದಿನಿಂದ ಅವರು ಮಿಕ್ಸಿಗೂ ಆಕ್ಷೇಪ ಎತ್ತುತ್ತಿದ್ದಾರೆ.

ಅಂದಹಾಗೆ, ಈ ದೇಶದಲ್ಲಿ ಇಂಥ ಹಕ್ಕಿನ ಮೊದಲ ಅರ್ಜಿಯೂ ಸೆಖೆಯದ್ದೇ. 1856ರಲ್ಲಿ ಕಲ್ಕತ್ತೆಯ ಎಂಜಿನಿಯರ್ ಜಾರ್ಜ್ ಆಲ್ಫ್ರೆಡ್ ಡಿಪೆನಿಂಗ್ ಪಂಖಾ ಎಳೆಯುವ ಯಂತ್ರಕ್ಕೆ ಹಾಕಿದ್ದು. ದಿನವಿಡೀ ಹಗ್ಗ ಎಳೆಯುತ್ತ ಕೂತಿದ್ದ ಪಂಖಾವಾಲಾನನ್ನು, ನಿನಗೆ ಇದು ಹೊಳೆದಿತ್ತಾ ಎಂದು ಯಾರೂ ಕೇಳಿರಲಾರರು. ಕಸುಬು ಬಲ್ಲವನು ಅವನೊಬ್ಬನೇ ಆಗಿದ್ದ.

ಸಂಜೆ ಚಹಾ ಹೊತ್ತಿಗೆ ಮಗನಿಗೆ ಅಪ್ಪನ ಮುಖ ನೋಡಿ ಕನಿಕರ ಬಂದಿರಬೇಕು. ಅರ್ಜಿಯ ಕರಡನ್ನು ತನ್ನ ಕಸುಬಿನ ಭಾಷೆಯಲ್ಲಿ ಬರೆದು ಜೋರಾಗಿ ಓದಿದ. ಡಬ್ಬಿ ಹೋಗಿ "ಬಹುಸ್ತರೀಯ ಉಷ್ಣರಾಸಾಯನಿಕ ಶೇಖರಣಾ ಘಟಕ" ಬಂದಿತ್ತು. ಚಹಾ ಜಾಲರಿ "ರಂಧ್ರಯುಕ್ತ ಆಧಾರ ಸಂರಚನೆ" ಆಗಿತ್ತು. ದಾರ "ಪ್ರತಿಕ್ರಿಯಾ ಪ್ರಾರಂಭಕ ಅಂಗ". ಸಾಂಬಾರಿಗೆ "ಉಷ್ಣಗ್ರಾಹಿ ದ್ರವ ಮಾಧ್ಯಮ" ಎಂದಿದ್ದ.

ಅಮ್ಮ ಕಣ್ಣು ಅರಳಿಸಿ ಕೇಳಿದರು. "ಇದು ಒಳ್ಳೆ ಉಂಟಲ್ಲ. ಇದು ನಮಗೆ ಗೊತ್ತಿರ್ಲಿಲ್ಲಪ್ಪ. ಯಾರು ಕಂಡುಹಿಡಿದದ್ದು?"

ರಾಯರೂ ಸುಮ್ಮನಿದ್ದರು. ಇದು ಯಾವ ವೇದದಲ್ಲಿದೆ ಎಂದು ಅವರಿಗೆ ತಕ್ಷಣಕ್ಕೆ ತೋಚಲಿಲ್ಲ.

ಮುಂದಿನ ವಾರ ಅಮ್ಮ ಮತ್ಸ್ಯಗಂಧದಲ್ಲಿ ಊರಿಗೆ ಹೊರಡುವವರಿದ್ದರು. ಬಟ್ಟೆ ಮಡಚುತ್ತ ಭಾವನನ್ನು ಕರೆದರು. "ನಿಮ್ಮ ಆ ಸುಣ್ಣದ ಡಬ್ಬಿ ನನಗೆ ಕೊಡಿ ಆಯ್ತಾ. ರತ್ನಗಿರಿ ಬರುವಷ್ಟರಲ್ಲಿ ಗಂಜಿ ತಣ್ಣಗಾಗ್ತದೆ."

ಮಗ ತಕ್ಷಣ ಲ್ಯಾಪ್‌ಟಾಪ್ ತೆರೆದ. ಬಹುಕಾಲದಿಂದ ಜನ ಬಯಸಿಯೂ ಯಾರೂ ಒದಗಿಸದ ವಸ್ತುವಾದರೆ ಅದು ಅಷ್ಟು ಸುಲಭಕ್ಕೆ ಹೊಳೆಯುವಂಥದ್ದಲ್ಲ ಎಂದು ವಾದಿಸಲು ಕಾನೂನಿನಲ್ಲಿ ಎಡೆಯುಂಟಂತೆ. "ಅಜ್ಜಿ, ಎಷ್ಟು ವರ್ಷದಿಂದ ತಣ್ಣಗಾಗ್ತಾ ಉಂಟು?"

"ಕೊಂಕಣ ರೈಲು ಸುರುವಾದಾಗಿಂದ."

"1998," ಎಂದು ಅವನು ಟೈಪ್ ಮಾಡಿಕೊಂಡ.

"ಮತ್ತೆ ಆ ದಾರ ಸ್ವಲ್ಪ ಉದ್ದ ಇಡ್ಲಿಕ್ಕೆ ಹೇಳು ನಿನ್ನ ಅಪ್ಪನಿಗೆ. ಮೇಲಿನ ಬರ್ತಿನಲ್ಲಿ ಕೂತು ಎಳೀಲಿಕ್ಕೆ ಬರ್ಬೇಕು, ಕೈ ಸುಡಬಾರ್ದು."

"ಅಜ್ಜಿ, ದಾರ ಉದ್ದ ಇಡುವುದು ಆಬ್ವಿಯಸ್."

ಅಮ್ಮ ಮಡಚುತ್ತಿದ್ದ ಸೀರೆ ಬಿಟ್ಟು ಸೊಂಟಕ್ಕೆ ಕೈ ಕೊಟ್ಟು ನಿಂತರು. "ಹಾಗಾದ್ರೆ ನಿನ್ನ ಅಪ್ಪನಿಗೆ ಯಾಕೆ ಹೊಳೀಲಿಲ್ಲ?"