ಜೀರ್ಣೋದ್ಧಾರ ಮೀಮಾಂಸೆ: ಬಚ್ಚಲುಮನೆ ಪ್ರಕರಣ

ಶಾಸ್ತ್ರಗ್ರಂಥ ಎಂದಮೇಲೆ ಮೊದಲು ಅನುಬಂಧ ಚತುಷ್ಟಯ ಹೇಳಿ ಮುಗಿಸಬೇಕು. ವಿಷಯ: ಬೆಂಗಳೂರಿನ ಮೂವತ್ತು–ನಲವತ್ತರ ಸೈಟಿನಲ್ಲಿ 1980ರ ದಶಕದಲ್ಲಿ ಎದ್ದ ಮನೆಯ ಮಹಡಿ ಬಚ್ಚಲು, ಮತ್ತು ಅದರ ಕೆಳಗಿನ ಕೋಣೆಯ ಸೀಲಿಂಗಿನಲ್ಲಿ ಮೂಡಿದ ತೇವದ ಕಲೆ. ಪ್ರಯೋಜನ: ಆ ಕಲೆ ಹೋಗುವುದು. ಸಂಬಂಧ: ಮನೆಯೊಡೆಯನಿಗೂ ಮೇಸ್ತ್ರಿಗೂ ಇರುವಂಥದು, ಗಂಡಹೆಂಡಿರದ್ದು ಕೆಲಸ ಮುಗಿದ ಮೇಲೂ ಉಳಿದಿದ್ದರೆ ಬೇರೆ ಗ್ರಂಥದಲ್ಲಿ ನೋಡೋಣ. ಅಧಿಕಾರಿ: ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟು, ಅದನ್ನು ಮುರಿಸಲು ಮನಸ್ಸು ಗಟ್ಟಿ ಮಾಡಿಕೊಂಡವನು. ಮದುವೆ, ಮನೆಗಳ ಕುರಿತ ಆ ಪ್ರಸಿದ್ಧ ಗಾದೆಯನ್ನು ಇಲ್ಲಿ ಉದ್ಧರಿಸುವುದಿಲ್ಲ. ಮೇಸ್ತ್ರಿಗಳೇ ಅದನ್ನು ದಿನಕ್ಕೆರಡು ಸಲ ಹೇಳುತ್ತಾರೆ.

ಈ ವಿಷಯದಲ್ಲಿ ಪ್ರಾಚೀನರು ನಮಗಿಂತ ಧೈರ್ಯಸ್ಥರು. ಹಳೆಯ ಕಟ್ಟಡಗಳ ದುರಸ್ತಿಗೆಂದೇ ಮಯಮತದಲ್ಲಿ ಒಂದು ಅಧ್ಯಾಯವಿದೆ. ಆರನೆಯ ಶತಮಾನದ ವರಾಹಮಿಹಿರನಂತೂ ಬೃಹತ್ಸಂಹಿತೆಯಲ್ಲಿ ವಜ್ರಲೇಪವನ್ನೇ ಕಾಯಿಸಿಟ್ಟಿದ್ದಾನೆ: ಬಲಿಯದ ಬೇಲದಕಾಯಿ, ಬೂರುಗದ ಹೂವು ಮುಂತಾದವನ್ನು ನೀರಿಗೆ ಹಾಕಿ, ಎಂಟರಲ್ಲಿ ಒಂದು ಪಾಲಿಗೆ ಇಳಿಯುವತನಕ ಕುದಿಸಿ, ಹೇಳಿದ ಅಂಟುಗಳನ್ನೆಲ್ಲ ಬೆರೆಸಿ ಬಿಸಿಬಿಸಿಯಾಗಿ ಬಳಿದರೆ ಕೋಟಿ ವರ್ಷ ಬಾಳಿಕೆ. ಈಗಿನ ವಾಟರ್‌ಪ್ರೂಫಿಂಗ್‌ನವರು ಹತ್ತು ವರ್ಷಕ್ಕೆ ಬರೆದುಕೊಡುತ್ತಾರೆ. ಅವಧಿಯೊಳಗೆ ಸೋರಿದರೆ ಕೇಳಲು ಕೈಗೆ ಸಿಗದಿರುವುದರಲ್ಲಿ ಎರಡು ಪಂಥಗಳಿಗೂ ಭೇದವಿಲ್ಲ.

ಇನ್ನು ಪ್ರಮಾಣ ವಿಚಾರ. ನೈಯಾಯಿಕರು ಒಪ್ಪುವ ನಾಲ್ಕು ಪ್ರಮಾಣಗಳಲ್ಲಿ ಎಸ್ಟಿಮೇಟು ಅನುಮಾನದ ಗುಂಪಿಗೆ ಸೇರುತ್ತದೆ. ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿಯಿದೆ ಎಂದು ಊಹಿಸುವುದು ತರ್ಕಶಾಸ್ತ್ರ. ಟೈಲ್ಸ್ ಮೇಲೆ ಗೆಣ್ಣಿನಿಂದ ಟಕ್ ಟಕ್ ಕುಟ್ಟಿ, ತಲೆ ಓರೆಮಾಡಿ ಆಲಿಸಿ, ‘ಒಳಗೆಲ್ಲಾ ಪೊಳ್ಳು ಸಾರ್, ಪೂರ್ತಿ ಎತ್ತಿಸ್ಬೇಕು’ ಎನ್ನುವುದು ಮೇಸ್ತ್ರಿಶಾಸ್ತ್ರ. ಇದಕ್ಕೆ ಊರುಗೋಲಾಗಿ ನಿಲ್ಲುವುದು ‘ಇದೇ ಕೈಯಲ್ಲಿ’ ನ್ಯಾಯ. ಕಾಕತಾಳೀಯ, ಸ್ಥಾಲೀಪುಲಾಕ ಮೊದಲಾದ ನ್ಯಾಯಗಳನ್ನು ಪಟ್ಟಿಮಾಡಿದವರು ಇದನ್ನು ಬಿಟ್ಟದ್ದು ದೊಡ್ಡ ಲೋಪ. ಇದರ ರೂಪ ಹೀಗೆ: ‘ಹೆಂಗೂ ಒಡೀತಿದೀವಲ್ಲ ಸಾರ್, ಇದೇ ಕೈಯಲ್ಲಿ ಹಳೇ ಜಿಐ ಪೈಪೂ ತೆಗೆಸಿ ಸಿಪಿವಿಸಿ ಹಾಕ್ಸಿಬಿಡಿ.’ ಪೈಪು ಬದಲಾದರೆ ಗೀಸರು, ಗೀಸರು ಬದಲಾದರೆ ವೈರಿಂಗು, ವೈರಿಂಗಿಗೆ ಗೋಡೆ ಕೊರೆದಮೇಲೆ ಬಣ್ಣ. ಹೀಗೆ ನ್ಯಾಯವು ಮೆಟ್ಟಿಲಿಳಿದು ಅಡುಗೆಮನೆಗೆ ಬರುತ್ತದೆ. ತಾರ್ಕಿಕರು ಇದನ್ನು ಅನವಸ್ಥಾದೋಷ ಎಂದರು, ಮೇಸ್ತ್ರಿಗಳು ಎಕ್ಸ್‌ಟ್ರಾ ಕೆಲಸ ಎಂದರು. ಕಷ್ಟವೇನೆಂದರೆ ಮೇಸ್ತ್ರಿಗಳು ಹೇಳುವುದು ಸುಳ್ಳಲ್ಲ. ಆ ಕಾಲದ ಜಿಐ ಪೈಪು ಒಳಗೇ ತುಕ್ಕು ಕಟ್ಟಿ ಸಣ್ಣಗಾಗಿರುತ್ತದೆ. ಹೊಸ ಟೈಲ್ಸ್ ಕೂರಿಸಿದ ಮೇಲೆ ಅದು ಕೈಕೊಟ್ಟರೆ ಮತ್ತೆ ಮೊದಲಿನಿಂದ. ಸುಳ್ಳಾಗಿದ್ದರೆ ಎಷ್ಟೋ ದುಡ್ಡು ಉಳಿಯುತ್ತಿತ್ತು.

ಶಾಸ್ತ್ರದ ತಿರುಳಿರುವುದು ಅಭಾವ ಪ್ರಕರಣದಲ್ಲಿ. ವೈಶೇಷಿಕರು ‘ಇಲ್ಲ’ದಿರುವುದನ್ನೂ ಒಂದು ಪದಾರ್ಥವೆಂದು ಎಣಿಸಿ ನಾಲ್ಕು ಬಗೆ ಮಾಡಿದ್ದಾರೆ. ಇದೆಲ್ಲ ಯಾಕೆ ಬೇಕಿತ್ತು ಎಂದು ಕೇಳುವವರು ಪ್ಲಂಬರನಿಗಾಗಿ ಕಾದವರಲ್ಲ. ಕೆಲಸ ಒಪ್ಪಿಕೊಂಡು ಇನ್ನೂ ಬಾರದಿರುವುದು ಪ್ರಾಗಭಾವ. ಇದಕ್ಕೆ ಆದಿಯಿಲ್ಲ, ಅಂತ್ಯವಿದೆ. ಈ ಸ್ಥಿತಿಯಲ್ಲಿ ಫೋನ್ ಮಾಡಿದರೆ ‘ಸಿಲ್ಕ್ ಬೋರ್ಡ್ ಹತ್ರ ಇದೀನಿ ಸಾರ್’ ಎಂಬ ಉತ್ತರ ಬರುತ್ತದೆ. ಆ ಜಂಕ್ಷನ್ನಿನಲ್ಲಿ ಯಾರು ಎಷ್ಟು ಹೊತ್ತು ಬೇಕಾದರೂ ಇರಬಹುದಾದ್ದರಿಂದ ಅದನ್ನು ಖಂಡಿಸಲು ಬರುವುದಿಲ್ಲ. ಬಂದು, ಗೋಡೆ ಸೀಳಿ, ಮನೆಗೆಲ್ಲ ನೀರು ನಿಲ್ಲಿಸಿ, ‘ಒಂದು ಎಲ್ಬೋ ತಂದ್ಬಿಡ್ತೀನಿ’ ಎಂದು ಹೋಗುವುದು ಪ್ರಧ್ವಂಸಾಭಾವ. ಇದಕ್ಕೆ ಆದಿಯಿದೆ, ಅಂತ್ಯವಿಲ್ಲ. ಶನಿವಾರದ ಬಟವಾಡೆಯಲ್ಲಿ ಕನಿಕರಪಟ್ಟು ಪೂರ್ತಿ ದುಡ್ಡು ಎಣಿಸಿದವರಿಗೆ ಅತ್ಯಂತಾಭಾವ: ಮೂರು ಕಾಲದಲ್ಲೂ ಇಲ್ಲ, ನಂಬರೂ ಚಾಲ್ತಿಯಲ್ಲಿಲ್ಲ. ನಾಲ್ಕನೆಯದು ಅನ್ಯೋನ್ಯಾಭಾವ, ಘಟವು ಪಟವಲ್ಲ ಎಂಬಂಥದು. ಮೂರೂ ಕಸುಬಿನವರು ಒಂದೇ ದಿನ ಬಂದಾಗ ಮಾತ್ರ ಇದರ ದರ್ಶನ. ಗೀಸರಿನ ಪಾಯಿಂಟಿಗೆಂದು ಕೊರೆದ ತೂತನ್ನು ಮುಚ್ಚುವವರಾರು? ‘ಕೊರೆಯೋದಷ್ಟೇ ನಮ್ದು’ ಎಂದು ಎಲೆಕ್ಟ್ರಿಷಿಯನ್. ‘ಅದು ಗಾರೆಯವರದ್ದು’ ಎಂದು ಪ್ಲಂಬರ್. ‘ಟೈಲ್ಸ್ ಬಿಟ್ಟು ಬೇರೇದು ನಾವ್ ಮುಟ್ಟಲ್ಲ’ ಎಂದು ಮೂರನೆಯವನು. ಭಾವಪದಾರ್ಥವಾಗಿ ಉಳಿಯುವುದು ತೂತೊಂದೇ.

ಕಾಲವಿಚಾರವನ್ನು ಬೇಗ ಮುಗಿಸೋಣ. ಆಷಾಢದಲ್ಲಿ ಶುರುಮಾಡುವಂತಿಲ್ಲ, ಶ್ರಾವಣದಲ್ಲಿ ಮೇಸ್ತ್ರಿಗಳು ಯಾರದೋ ಗೃಹಪ್ರವೇಶದ ಗಡಿಬಿಡಿಯಲ್ಲಿರುತ್ತಾರೆ, ಗಣೇಶನ ಹಬ್ಬಕ್ಕೆ ಊರಿಗೆ ಹೋದ ಆಳುಗಳು ದಸರಾ ಮುಗಿಸಿಕೊಂಡೇ ಬರುತ್ತಾರೆ. ಸಿಮೆಂಟಿಗೂ ಅದರದೇ ಪಂಚಾಂಗ. ಅದು ಗಟ್ಟಿಯಾಗುವುದು ಒಣಗಿ ಅಲ್ಲ, ನೀರಿನೊಡನೆ ಕೂಡಿ; ಹಾಗಾಗಿ ಕಾಂಕ್ರೀಟನ್ನು ಕನಿಷ್ಠ 7 ದಿನವಾದರೂ ಒದ್ದೆಯಾಗಿಡಿ ಎನ್ನುತ್ತದೆ ಐಎಸ್ 456 ಎಂಬ ಭಾರತೀಯ ಸಂಹಿತೆ. ಅದರ ಬಲಪರೀಕ್ಷೆ 28ನೆಯ ದಿನ. ಮನೆಯವರದ್ದು ಅಷ್ಟು ಕಾಯುವುದಿಲ್ಲ, ಉಳಿದ ಒಂದೇ ಬಚ್ಚಲಿನ ಮುಂದೆ ಬೆಳಿಗ್ಗೆ ಎಂಟಕ್ಕೆ ಟವೆಲ್ ಹೆಗಲಿಗೆ ಹಾಕಿ ಸಾಲು ನಿಂತ ಮೊದಲ ದಿನವೇ ನಡೆದುಹೋಗುತ್ತದೆ.

ಕೆಲಸ ಮುಗಿದಮೇಲಿನದು ಚೇತರಿಕೆ ಪ್ರಕರಣ. ಟೈಲ್ಸ್ ಕತ್ತರಿಸಿದ ಪುಡಿ ಬೀಗ ಹಾಕಿದ ಬೀರುವಿನೊಳಗೂ, ಮಡಿಸಿಟ್ಟ ರೇಷ್ಮೆ ಸೀರೆಯ ಮಡಿಕೆಯೊಳಗೂ ಇಳಿದಿರುತ್ತದೆ. ಒಗ್ಗರಣೆ ಡಬ್ಬಿಯಲ್ಲಿ ಸಾಸಿವೆ, ಜೀರಿಗೆ, ಮೆಂತ್ಯ ತಂತಮ್ಮ ಬಣ್ಣ ಕಳೆದುಕೊಂಡು ಅದ್ವೈತ ಸಾಧಿಸಿರುತ್ತವೆ. ಒದ್ದೆ ಬಟ್ಟೆಯಲ್ಲಿ ಒರೆಸಿದ ನೆಲ ಒಣಗಿದೊಡನೆ ಬೆಳ್ಳಗೆ ಗೀರುಗೀರಾಗಿ ವಿಭೂತಿ ಧರಿಸುತ್ತದೆ. ಮಿಕ್ಕ ಟೈಲ್ಸ್‌ಗಳನ್ನು ಅಟ್ಟಕ್ಕೇರಿಸುವುದು ನಿತ್ಯವಿಧಿ. ಬೇಕಾದಾಗ ಅವು ಒಂದು ಕಡಿಮೆಯೇ ಇರುತ್ತವೆ. ನೋಡಲು ಬಂದ ಬಂಧುಗಳಿಗೆ ಕಾಫಿ ಕೊಟ್ಟರೆ, ‘ಬಣ್ಣ ಒಂಚೂರು ಲೈಟಾಗಿರಬೇಕಿತ್ತು ಕಣೋ. ನಂಗೊಂದು ಮಾತು ಹೇಳಿದ್ರೆ ನಮ್ಮ ಹುಡುಗ ಅರ್ಧಕ್ಕೇ ಮಾಡ್ಕೊಡ್ತಿದ್ದ’ ಎನ್ನುತ್ತಾರೆ. ಗೋಡೆ ಒಡೆಯುವ ಮುನ್ನ ಈ ಹುಡುಗನನ್ನು ಯಾವ ಸಂಶೋಧಕರೂ ಕಂಡಿಲ್ಲ.

ಉಳಿದದ್ದು ವಾಟ, ಅಂದರೆ ನೀರು ಜಾಲರಿಯ ಕಡೆಗೆ ಹರಿಯಲೆಂದು ನೆಲಕ್ಕೆ ಕೊಡುವ ಇಳಿಜಾರು. ದಾರ ಹಿಡಿದು, ರಸಮಟ್ಟ ಇಟ್ಟು, ಒಂದು ಕಣ್ಣು ಮುಚ್ಚಿ ನೋಡಿ ಕೊಟ್ಟ ವಾಟ. ಬಕೆಟ್ ನೀರು ಸುರಿದರೆ ಜಾಲರಿಗೆ ನೇರ ಎದುರಿನ ಮೂಲೆಯಲ್ಲಿ ಅಂಗೈಯಗಲ ನಿಲ್ಲುತ್ತದೆ. ಇದನ್ನು ಪೂರ್ವಪಕ್ಷವಾಗಿ ಮಂಡಿಸಿದಾಗ ಮೇಸ್ತ್ರಿಗಳು ಪ್ಯಾಂಟು ಮೇಲೆತ್ತಿ ಕುಕ್ಕರುಗಾಲಲ್ಲಿ ಕೂತು, ಅದನ್ನು ಕೈಯಿಂದಲೇ ಜಾಲರಿಯ ಕಡೆಗೆ ನೂಕಿ, ಸಿದ್ಧಾಂತವನ್ನು ಅಪ್ಪಣೆ ಕೊಡಿಸುತ್ತಾರೆ: ‘ಎಲ್ಲಿ ನಿಂತಿದೆ ಸಾರ್? ಹೋಯ್ತಲ್ಲ. ಒಂದು ವೈಪರ್ ತಂದಿಟ್ಕೊಳ್ಳಿ.’

ವೈಪರು ಎಸ್ಟಿಮೇಟಿನಲ್ಲಿ ಇರಲಿಲ್ಲ.