ಗುಂಡಿಮೀಮಾಂಸೆ: ಲೇಸರ್ ಕಾಲದ ಪ್ರಮಾಣವಿಚಾರ

ರಸ್ತೆಯಲ್ಲಿ ಗುಂಡಿ ಉಂಟೋ ಇಲ್ಲವೋ ಎಂಬುದು ಬೆಂಗಳೂರಿನಲ್ಲಿ ಇನ್ನೂ ಇತ್ಯರ್ಥವಾಗದ ಪ್ರಶ್ನೆ. ಸ್ಕೂಟರ್ ಸವಾರರು ಗುಂಡಿ ಸತ್ಯ ಎನ್ನುವ ದ್ವೈತಿಗಳು. ಎಲ್ಲವೂ ಮುಚ್ಚಿಯಾಗಿದೆ, ಕಂಡದ್ದು ಮಾಯೆ ಎನ್ನುವುದು ಪಾಲಿಕೆಯ ಅದ್ವೈತ. ಈ ಜಗಳ ಬಿಡಿಸಲೆಂದೇ ನೆತ್ತಿಯ ಮೇಲೆ ಲಿಡಾರ್ ಹೊತ್ತ ವಾಹನ ಅವತರಿಸಿದೆ.

ಇದು ಪ್ರತ್ಯಕ್ಷ ಪ್ರಮಾಣ. ಗಿರಗಿರ ತಿರುಗುವ ಯಂತ್ರ ಸೆಕೆಂಡಿಗೆ ಲಕ್ಷಗಟ್ಟಲೆ ಲೇಸರ್ ಮಿಡಿತ ಬಿಟ್ಟು, ತಾಗಿ ಮರಳಲು ಹಿಡಿದ ಕಾಲದಿಂದ ದೂರ ಲೆಕ್ಕ ಹಾಕುತ್ತದೆ. ತಾನಿರುವ ಜಾಗ ತಿಳಿಯಲು ಜಿಪಿಎಸ್. ಮೇಲ್ಸೇತುವೆಯಡಿ ಅದು ಕೈಕೊಟ್ಟರೆ ಗಾಡಿಯ ಓಲಾಟ ಗಮನಿಸುವ ಇನ್ನೊಂದು ಪೆಟ್ಟಿಗೆ. ಬಂದ ಬಿಂದುರಾಶಿಯನ್ನು ತಂತ್ರಾಂಶ ರಸ್ತೆ, ಕಂಬ, ಕಟ್ಟಡ, ಗಿಡ ಎಂದು ಜಾತಿವಾರು ವಿಂಗಡಿಸುತ್ತದೆ. ಇಲ್ಲೊಂದು ಸೂಕ್ಷ್ಮ. ಯಾರೂ ಬೀಳದಿರಲೆಂದು ಬೇಕರಿಯವನು ಗುಂಡಿಗೆ ಹೊಂಗೆ ಕೊಂಬೆ ನೆಟ್ಟು, ತುದಿಗೆ ಕೆಂಪು ಪ್ಲಾಸ್ಟಿಕ್ ಕವರ್ ಕಟ್ಟಿದನೆನ್ನಿ: ಶಾಸ್ತ್ರದ ಪ್ರಕಾರ ಅಲ್ಲಿರುವುದು ಗಿಡ. ಗುಂಡಿ ಅರಣ್ಯ ಇಲಾಖೆಗೆ ಸೇರಿತು.

ಎರಡನೆಯದು ಅನುಮಾನ ಪ್ರಮಾಣ. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ. ಎಲ್ಲಿ ಕುಲುಕೋ ಅಲ್ಲಿ ಗುಂಡಿ. ಈ ವ್ಯಾಪ್ತಿಯನ್ನು ನಂಬಿ ಅಮೆರಿಕದ ಬಾಸ್ಟನ್ ನಗರ 2012ರಲ್ಲಿ 'ಸ್ಟ್ರೀಟ್ ಬಂಪ್' ಆ್ಯಪ್ ತಂದಿತು. ಕಾರಿನಲ್ಲಿಟ್ಟ ಫೋನು ಜಿಗಿದಲ್ಲೆಲ್ಲ ಗುಂಡಿಯೆಂದು ಬರೆದುಕೊಳ್ಳುವ ಏರ್ಪಾಡು. ಮ್ಯಾನ್‌ಹೋಲ್ ಮುಚ್ಚಳಗಳೂ ಗುಂಡಿಗಳಾಗಿ ದಾಖಲಾದವು. ಸ್ಮಾರ್ಟ್‌ಫೋನ್ ಕಡಿಮೆಯಿದ್ದ ಬಡ ಬೀದಿಗಳು ನುಣುಪಾಗಿ ಕಾಣುವ ಅಪಾಯವೂ ಕಂಡಿತು. ತರ್ಕಶಾಸ್ತ್ರದಲ್ಲಿ ಇದು ವ್ಯಭಿಚಾರಿ ಹೇತು. ನಮ್ಮಲ್ಲಂತೂ ಹಂಪುಗಳಿವೆ. ಭಾರತೀಯ ರಸ್ತೆ ಕಾಂಗ್ರೆಸ್ ಹೇಳುವ ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಬಡಾವಣೆಯವರು ರಾತ್ರೋರಾತ್ರಿ ಎಬ್ಬಿಸಿದ್ದು ಹಂಪೋ, ಗೋಡೆಯೋ ಎಂಬ ಜಿಜ್ಞಾಸೆ ಕಾರಿನ ತಳಕ್ಕೆ ಬಿಟ್ಟದ್ದು.

ರಸ್ತೆಯ ಒರಟುತನಕ್ಕೂ ಜಾಗತಿಕ ಸೂಚ್ಯಂಕವಿದೆ. 1982ರಲ್ಲಿ ಬ್ರೆಜಿಲ್‌ನಲ್ಲಿ ನಡೆದ ವಿಶ್ವಬ್ಯಾಂಕಿನ ಪ್ರಯೋಗ ಅದರ ಬೇರು. ಒಂದೇ ಚಕ್ರದ ಕಾಲ್ಪನಿಕ 'ಕಾಲು ಕಾರು' ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಓಡಿದರೆ ಅದರ ಸ್ಪ್ರಿಂಗು ಕಿಲೋಮೀಟರಿಗೆ ಒಟ್ಟು ಎಷ್ಟು ಮೀಟರ್ ಕುಣಿದೀತು ಎಂಬುದೇ ಲೆಕ್ಕ. ಪರಿಣತರು ಅದನ್ನು ಚಿನ್ನದ ಕಾರು ಎನ್ನುತ್ತಾರೆ. ಸಂಜೆ ಆರಕ್ಕೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ 80ರ ವೇಗದಲ್ಲಿ ಓಡಬಲ್ಲ ವಾಹನ ಅದೊಂದೇ. ಅಸ್ತಿತ್ವದಲ್ಲಿಲ್ಲದಿರುವುದೇ ಅದರ ಅನುಕೂಲ.

ಉಪಮಾನ ಪ್ರಮಾಣವನ್ನು ಕಲಾವಿದ ಬಾದಲ್ ನಂಜುಂಡಸ್ವಾಮಿ ಮುಗಿಸಿಬಿಟ್ಟಿದ್ದಾರೆ. 2019ರಲ್ಲಿ ಚಂದ್ರಯಾನ-2ರ ಗಗನನೌಕೆ ಚಂದ್ರನತ್ತ ಹೋಗಿದ್ದಾಗ ಅವರು ಗಗನಯಾತ್ರಿಯ ವೇಷದ ನಟನನ್ನು ಬೆಂಗಳೂರಿನ ರಸ್ತೆಯಲ್ಲೇ ನಡೆಸಿ ತೋರಿಸಿದರು. ಸೇರಿಸಲು ಏನೂ ಇಲ್ಲ.

ಮೀಮಾಂಸಕರ ಬ್ರಹ್ಮಾಸ್ತ್ರ ಅನುಪಲಬ್ಧಿ: ಕಾಣಬೇಕಾದ್ದು ಕಾಣದಿದ್ದರೆ ಅದು ಇಲ್ಲ. ನಿಂತ ನೀರಿನ ಮೇಲೆ ಓರೆಯಾಗಿ ಬಿದ್ದ ಲಿಡಾರ್ ಕಿರಣದಲ್ಲಿ ಒಂದಷ್ಟು ಅತ್ತ ಚಿಮ್ಮಿಹೋಗುತ್ತದೆ. ಉಳಿದ ಅವಕೆಂಪು ಬೆಳಕನ್ನು ಬಹುಪಾಲು ನೀರೇ ನುಂಗುತ್ತದೆ. ಮರಳುವುದು ಏನೂ ಇಲ್ಲವೆನ್ನುವಷ್ಟು ಕಡಿಮೆ. ಆಗಸ್ಟಿನಲ್ಲಿ ಮೊಣಕಾಲುದ್ದ ಹೊಂಡಕ್ಕೆ ಆಳವಿಲ್ಲ, ತಳವಿಲ್ಲ. ಪ್ರಮಾಣಬದ್ಧವಾಗಿ ಅದು ಇಲ್ಲ. ಒಣ ರಸ್ತೆ ಬೇಕೆಂದು ಸರ್ವೆಯನ್ನು ಜನವರಿಗೆ ಮುಂದೂಡಬಹುದು. ಅಷ್ಟರಲ್ಲಿ ಗಾಡಿ ಬರುವ ಸುದ್ದಿ ಮುಟ್ಟಿ, ಹಿಂದಿನ ದಿನವೇ ಜಲ್ಲಿ, ಮಣ್ಣು ಸುರಿದಿರುತ್ತದೆ. ಕಾಣುವ ಕಾಲದಲ್ಲಿ ಗುಂಡಿಯಿಲ್ಲ, ಗುಂಡಿಯ ಕಾಲದಲ್ಲಿ ಕಾಣುವುದಿಲ್ಲ. ಪೂರ್ವಪಕ್ಷ ಎತ್ತಿದವನು ಒಬ್ಬ ಆಟೋದವನು: "ಮಿಷನ್ನು ಯಾಕೆ ಸಾರ್? ಹಿಂದಿನ ಸೀಟಲ್ಲಿ ಕೂತ್ಕೊಳಿ, ಸೊಂಟನೇ ಹೇಳುತ್ತೆ." ಸೊಂಟಕ್ಕೆ ಐಎಸ್‌ಒ ಪ್ರಮಾಣಪತ್ರವಿಲ್ಲದ ಕಾರಣ ಆಕ್ಷೇಪ ತಳ್ಳಿಹಾಕಲಾಗಿದೆ.

ಉಳಿದದ್ದು ಅರ್ಥಾಪತ್ತಿ. ದೇವದತ್ತ ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ. ಹಾಗಾದರೆ ರಾತ್ರಿ ಉಣ್ಣುತ್ತಾನೆ. ಅಂತೆಯೇ, ರಸ್ತೆಯಲ್ಲಿ ಡಾಂಬರಿಲ್ಲ, ಬಿಲ್ಲಿನಲ್ಲಿದೆ. ಹಾಗಾದರೆ ಅದು ಬೇರೆಲ್ಲೋ ದಪ್ಪಗೆ ಹಾಸಿಕೊಂಡಿದೆ. ಲಿಡಾರ್ ಗಾಡಿಯನ್ನು ಯಾವ ಬಡಾವಣೆಯ ಯಾವ ಗೇಟಿನೊಳಗೆ ಬಿಡಬೇಕೆಂಬುದು ಗುತ್ತಿಗೆದಾರರಿಗೆ ಗೊತ್ತಿದೆ. ಟೆಂಡರಿನಲ್ಲಿ ಆ ವಿಳಾಸ ನಮೂದಾಗಿಲ್ಲ.