ಆಕಾಶದ ಮಳೆಮಾಪಕರಿಗೊಂದು ಬಹಿರಂಗ ಪತ್ರ

ಭೂಮಿಯನ್ನು ಸುತ್ತುತ್ತಲೇ ಮಳೆ ಅಳೆಯುವ ಸನ್ಮಾನ್ಯ ಮೈಕ್ರೋವೇವ್ ಸಂವೇದಕರೇ,

ಮಲೆನಾಡಿನ ಅನಂತ ನಮಸ್ಕಾರಗಳು. ಇನ್‌ಫ್ರಾರೆಡ್ ಕಣ್ಣಿಗೆ ಮೋಡದ ನೆತ್ತಿಯಷ್ಟೇ ಕಂಡರೆ, ನಿಮಗೆ ಅದರ ಒಡಲೂ ಕಾಣುತ್ತದೆ. ನೀವಾಗಿ ಯಾವ ಕಿರಣವನ್ನೂ ಬಿಡದೆ, ಹನಿಗಳು ತಾವೇ ಸೂಸುವ ಅಲೆಗಳನ್ನು ಹಿಡಿದು ಲೆಕ್ಕ ಹಾಕುತ್ತೀರಿ. 1997ರಲ್ಲಿ ಅಮೆರಿಕ–ಜಪಾನ್‌ಗಳ ಟಿಆರ್‌ಎಂಎಂ ಉಪಗ್ರಹವನ್ನೇರಿ, ಮಳೆಮಾಪಕ ನೆಡಲಾಗದ ಕಡಲಿನ ಮಳೆಯನ್ನು 17 ವರ್ಷ ಅಳೆದುಕೊಟ್ಟ ಉಪಕಾರವನ್ನು ಮರೆಯಲಾರೆವು.

ಆದರೆ ಮಹನೀಯರೇ, ಅರಬ್ಬಿ ಸಮುದ್ರ ದಾಟಿ ಘಟ್ಟ ಹತ್ತುತ್ತಲೇ ನಮ್ಮ ಮೇಲಿನ ಕೃಪೆ ಏಕೆ ತಗ್ಗುತ್ತದೆ? ಕಡಲು ಕಡಿಮೆ ಸೂಸುವುದರಿಂದ ಅಲ್ಲಿ ಮಳೆಹನಿ ಎದ್ದು ಕಾಣುತ್ತದೆ. ನೆಲವೋ ತಾನೇ ಧಾರಾಳವಾಗಿ ಸೂಸಿ ಹನಿಯ ಸುಳಿವನ್ನು ಮುಚ್ಚಿಬಿಡುತ್ತದೆ. ಆಗ ನೀವು ಮೋಡದ ಮೇಲಿನ ಹಿಮಹರಳುಗಳು ಚದುರಿಸುವ ಅಲೆಗಳನ್ನು ನೋಡಿ ಮಳೆಯನ್ನು ಊಹಿಸುತ್ತೀರಿ. ನಮ್ಮ ಆಷಾಢದ ಮೋಡಗಳೋ ಬಹುಪಾಲು ಗಿಡ್ಡ. ಗುಡ್ಡಕ್ಕೆ ತಾಗಿ, ಹೆಚ್ಚು ಹಿಮ ಕಟ್ಟದೆಯೇ ಸುರಿಯುತ್ತವೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯಂಥ ಊರಿನಲ್ಲಿ ಅಡಿಕೆಗೆ ಕೊಳೆ ರೋಗ ಹಿಡಿಯುವಂತೆ ಜಡಿಮಳೆ ಹೊಯ್ಯುತ್ತಿದ್ದರೂ ನಿಮ್ಮ ಲೆಕ್ಕದಲ್ಲಿ ಅದು ಸಾಧಾರಣ ಮಳೆ. ನಿಮ್ಮ ಕೆಲವು ಕಣ್ಣುಗಳ ಒಂದು ನೋಟ ಹತ್ತಾರು ಕಿಲೋಮೀಟರ್ ಅಗಲ. ಘಟ್ಟದ ತುದಿಯ ಸುರಿಮಳೆಯನ್ನೂ ಪೂರ್ವದ ತುಂತುರನ್ನೂ ಕಲಸಿ ಒಂದೇ ಅಂಕಿ ಬರೆಯುತ್ತೀರಿ.

2011ರಲ್ಲಿ ಭಾರತ–ಫ್ರಾನ್ಸ್‌ಗಳ ಮೇಘಾ-ಟ್ರಾಪಿಕ್ಸ್ ಉಪಗ್ರಹ ಶ್ರೀಹರಿಕೋಟದಿಂದ ಮೇಲೇರಿದಾಗ, ಉಷ್ಣವಲಯಕ್ಕೆಂದೇ ಬಂದವರು ನೀವು ಎಂದು ಹಿಗ್ಗಿದೆವು. ಆದರೆ ಅದರಲ್ಲಿದ್ದು ಮಳೆ ನೋಡಬೇಕಿದ್ದ ನಿಮ್ಮ ಬಂಧು ‘ಮದ್ರಾಸ್’ 2013ರ ಜನವರಿಯಲ್ಲೇ ಕೈಕೊಟ್ಟರು. ಆ ನಷ್ಟ ಇಂದಿಗೂ ನೋಯಿಸುತ್ತದೆ.

ಈಗ ಹಲವು ಉಪಗ್ರಹಗಳ ಲೆಕ್ಕ ಸೇರಿಸಿ ಅರ್ಧ ಗಂಟೆಗೊಂದು ಮಳೆ ನಕ್ಷೆ ಒದಗಿಸುತ್ತೀರಿ, ಧನ್ಯರಾದೆವು. ಆದರೆ ನೆಲದ ಮಳೆಮಾಪಕಗಳೊಂದಿಗೆ ತಾಳೆ ನೋಡಿದ ಅಂತಿಮ ಲೆಕ್ಕ ಬರಲು ಮೂರು ತಿಂಗಳು ದಾಟುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಂಥ ಹೊತ್ತಿನಲ್ಲಿ ಊರಿನವರಿಗೆ ಬೇಕಾದದ್ದು ಆ ರಾತ್ರಿಯ ಲೆಕ್ಕ.

ನಿಮ್ಮನ್ನು ನಂಬಿ ಪ್ರವಾಹದ ಮುನ್ಸೂಚನೆ ನೀಡುವ ಅಧಿಕಾರಿಗಳಲ್ಲೂ ಕೈಮುಗಿದು ಬೇಡುತ್ತೇನೆ: ಪಂಚಾಯಿತಿಯ ಮಳೆಮಾಪಕಗಳನ್ನು ಸುಸ್ಥಿತಿಯಲ್ಲಿಡಿ, ಘಟ್ಟದ ನೆತ್ತಿಯಲ್ಲಿ ಇನ್ನಷ್ಟು ನೆಡಿ. ಆಕಾಶದ ಅಂಕಿಗೂ ನೆಲದ ಅಂಕಿಗೂ ಅಂತರ ಕಂಡಾಗ ಮೊದಲು ನೆಲದ್ದನ್ನು ಓದಿ.

ಇತಿ ತಮ್ಮ ವಿಧೇಯ,
ಘಟ್ಟದ ಮೇಲಿನವ